ಇಂದಿನ ಧಮ್ಮ ಚಿಂತನೆ: ಮನೆಯೇ ಕೆಲಸದ ಜಾಗವಾದಾಗ

 

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಅಕ್ಕ ಒಬ್ಬರು ಒಂದು ಪ್ರಶ್ನೆ ಕೇಳಿದರು. ಅವರು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಇರುವುದು ಎರಡೇ ಕೋಣೆ. ಅದರಲ್ಲೇ ಮೆಷಿನ್, ಗಿರಾಕಿಗಳ ಬಟ್ಟೆ, ಚಿಂದಿ ತುಂಬಿದ ಚೀಲಗಳು, ಪಿಯುಸಿ ಓದುವ ಮಗಳ ಪುಸ್ತಕ, ಕೊರೊನಾ ಬಂದಾಗಿನಿಂದ ಮನೆಯಲ್ಲೇ ಕೆಲಸ ಮಾಡುವ ಯಜಮಾನರ ಲ್ಯಾಪ್‌ಟಾಪ್. "ಮೊಬೈಲಲ್ಲಿ ಎಲ್ಲರೂ ಸಾಮಾನು ಕಮ್ಮಿ ಮಾಡಿ ಅಂತಾರೆ. ಬುದ್ಧರು ಹೇಳಿದ್ದೂ ಅದೇ ಅಲ್ವಾ?"

ಹೌದು ಎನ್ನಲು ಹೊರಟು ಸುಮ್ಮನಾದೆ. ಅಷ್ಟ ಪರಿಷ್ಕಾರ, ಅಂದರೆ ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ, ಇವು ಭಿಕ್ಖುಗಳ ಸಾಮಾನು. ಗೃಹಸ್ಥನಾದ ಅನಾಥಪಿಂಡಿಕನಿಗೆ ಭಗವಾನರು ಹೇಳಿದ್ದು ಬೇರೆ. ನ್ಯಾಯವಾಗಿ ದುಡಿದದ್ದು ತನ್ನ ಬಳಿ ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ಬಾಳಿನ ಸುಖ. ಬಾಬಾಸಾಹೇಬರು 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಬರಹದಲ್ಲಿ ಇದೇ ಅನಾಥಪಿಂಡಿಕನ ಪ್ರಸಂಗವನ್ನು ಮುಂದಿಟ್ಟು, ಬಡತನವನ್ನು ಹೊಗಳುವ ಮಾತು ಬೌದ್ಧ ಧಮ್ಮದಲ್ಲಿಲ್ಲ ಎಂದು ತೋರಿಸಿದ್ದಾರೆ. ನಮ್ಮ ಪೂರ್ವಿಕರು ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಹೆಣದ ಬಟ್ಟೆ ಉಡಬೇಕು, ಶೂದ್ರ ಹಣ ಕೂಡಿಡಬಾರದು ಎಂದು ಬರೆದದ್ದು ಮನುಸ್ಮೃತಿ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅದನ್ನು ಸುಟ್ಟವರ ಮಕ್ಕಳು ನಾವು. ಆದ್ದರಿಂದ ಮನೆಯಲ್ಲಿ ನಾಲ್ಕು ಪಾತ್ರೆ ಹೆಚ್ಚಿದ್ದರೆ ನಾಚಿಕೆಪಡಬೇಕಿಲ್ಲ.

ಹಾಗಾದರೆ ಮನೆ ಓರಣ ಮಾಡುವುದು ಯಾತಕ್ಕೆ? ಕೂತು ಕೆಲಸ ಮಾಡಲು, ಓದಲು ಜಾಗ ಬೇಕು, ಅದಕ್ಕೆ.

ವಿನಯ ಪಿಟಕದ ಒಂದು ನಿಯಮ ನನಗೆ ಬಹಳ ಇಷ್ಟ. ಭಿಕ್ಖು ಹೆಚ್ಚುವರಿ ಚೀವರವನ್ನು ಹತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹತ್ತೇ ದಿನ ಯಾಕೆ? ಆನಂದರಿಗೆ ಒಂದು ಚೀವರ ದಾನ ಸಿಕ್ಕಿತು. ಅದನ್ನು ಸಾರಿಪುತ್ತರಿಗೆ ಕೊಡುವ ಆಸೆ, ಆದರೆ ಅವರು ಸಾಕೇತದಲ್ಲಿದ್ದರು. ಬರುವುದು ಯಾವಾಗ ಎಂದು ಭಗವಾನರು ಕೇಳಿದರು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಎಂದರು ಆನಂದರು. ಹಾಗಾದರೆ ಹತ್ತು ದಿನ ಇರಲಿ ಎಂದು ನಿಯಮವಾಯಿತು. ಆ ಚೀವರ ಯಾರಿಗೆ ಎಂಬುದು ಆನಂದರಿಗೆ ಮೊದಲೇ ಗೊತ್ತಿತ್ತು. ನಮ್ಮ ಅಟ್ಟದ ಮೇಲಿರುವುದು ಯಾರಿಗೆ ಎಂದು ನಮಗೇ ಗೊತ್ತಿಲ್ಲ. ಒಂದು ಚೀಲದ ಮೇಲೆ ಕೊಡಬೇಕಾದವರ ಹೆಸರು ಬರೆದು ಹತ್ತು ದಿನ ಇಟ್ಟು ನೋಡಿ. ಹೆಸರು ಸಿಗದಿದ್ದರೆ ಗುಜರಿಗೆ ಹಾಕಿ.

ಅಕ್ಕನ ಚಿಂದಿಗೂ ಆನಂದರೇ ದಾರಿ ಹೇಳಿದ್ದಾರೆ. ಐನೂರು ಚೀವರ ದಾನ ಬಂದಾಗ ಇಷ್ಟೊಂದು ಏನು ಮಾಡುತ್ತೀರಿ ಎಂದು ರಾಜ ಉದೇನ ಕೇಳಿದ. ಹರಿದದ್ದು ಉಟ್ಟ ಭಿಕ್ಖುಗಳಿಗೆ ಹಂಚುತ್ತೇವೆ, ಅವರ ಹಳೆಯದು ಮೇಲುಹಾಸು, ಆಮೇಲೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಬಟ್ಟೆ, ಕೊನೆಗೆ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು. ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ!

ಜಾಗವೇ ಇಲ್ಲದಿದ್ದರೆ? 1904ರಲ್ಲಿ ಬಾಬಾಸಾಹೇಬರ ಕುಟುಂಬ ಮುಂಬೈಗೆ ಬಂದಾಗ ಸಿಕ್ಕಿದ್ದು ಪರೇಲ್‌ನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಕಟ್ಟಿಗೆ, ಬೀಸುಕಲ್ಲು, ಮೇಕೆ ಎಲ್ಲ ಅದರೊಳಗೇ. ಮಗನನ್ನು ಬೇಗ ಮಲಗಿಸಿ, ತಂದೆ ರಾಮ್‌ಜಿ ರಾತ್ರಿ ಎರಡರವರೆಗೆ ಎದ್ದಿದ್ದು, ಆಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಕೋಣೆಯನ್ನು ಎರಡು ಮಾಡಲಾಗದ ತಂದೆ ಹೊತ್ತನ್ನು ಎರಡು ಮಾಡಿದರು. ಮುಂದೆ ದಾದರ್‌ನಲ್ಲಿ ಪುಸ್ತಕಗಳಿಗೆಂದೇ ರಾಜಗೃಹ ಎದ್ದದ್ದು ಅಲ್ಲಿಂದಲೇ. ಅಕ್ಕನ ಮನೆಯಲ್ಲೂ ಯಾವ ಹೊತ್ತು ಯಾರದು ಎಂದು ಬರೆದು ಗೋಡೆಗೆ ಅಂಟಿಸಬಹುದು. ಬರೆಯುವಾಗ ಒಂದು ವಿಷಯ ನೋಡಿ: ಲ್ಯಾಪ್‌ಟಾಪಿಗೆ ಜಾಗ ಬೇಕೆಂದಾಗ ಮೂಲೆಗೆ ಹೋಗುವುದು ಯಾವಾಗಲೂ ಹೊಲಿಗೆ ಮೆಷಿನ್ನೇ ಯಾಕೆ? ಅದೂ ದುಡಿಮೆಯೇ.

ಕಾಗದ ಪತ್ರಗಳ ಮೇಲೆ ಮಾತ್ರ ಕೈಹಾಕಬೇಡಿ. ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಪಹಣಿ, ಹಕ್ಕುಪತ್ರ ಎಷ್ಟೇ ಹಳತಾಗಲಿ ಒಂದು ಟ್ರಂಕಿನಲ್ಲಿ ಒಟ್ಟಿಗಿರಲಿ. ನಮಗೆ ಒಂದು ಕಾಗದ ಕಳೆದರೆ ಎಷ್ಟು ಸಲ ತಾಲೂಕು ಕಚೇರಿಗೆ ಅಲೆಯಬೇಕೆಂದು ಎಲ್ಲರಿಗೂ ಗೊತ್ತು.

ನನ್ನದೂ ಒಂದು ಹೇಳಿಬಿಡುತ್ತೇನೆ. ಮನೆಯಿಂದ ಕೆಲಸ ಶುರುವಾದಾಗ ನಾನೂ ಹಾಲ್ ಓರಣ ಮಾಡಿದೆ. ಹಾಗೆ ಮಾಡುತ್ತಾ ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊ ತೆಗೆದು ಒಳಕೋಣೆಯಲ್ಲಿಟ್ಟೆ. ವಿಡಿಯೊ ಕಾಲ್‌ನಲ್ಲಿ ಆಫೀಸಿನವರಿಗೆ ಕಾಣಬಾರದೆಂದು. "ಅಪ್ಪ, ಫೋಟೊ ಯಾಕೆ ಒಳಗೆ ಬಂತು?" ಎಂದು ಮಗಳು ಕೇಳಿದಾಗ, ಬಿಸಿಲು ಬೀಳುತ್ತಿತ್ತು ಎಂದೆ. ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ. ಅಂದು ಸಂಜೆ ಪಂಚಶೀಲ ಹೇಳುವಾಗ ನಾಲ್ಕನೆಯ ಶೀಲದ ಹತ್ತಿರ ಬಾಯಿ ತಡವರಿಸಿತು.

ಮೂರು ವಾರ ಹಾಗೇ ಇತ್ತು. ಆಮೇಲೆ ಮಗಳ ಕೈಯಲ್ಲೇ ಮೊಳೆ ಹೊಡೆಸಿ ಮೊದಲಿನ ಜಾಗಕ್ಕೇ ಹಾಕಿದೆವು. ಬಾಡಿಗೆ ಮನೆ, ಕೆಲಸ ಕಳೆದುಕೊಳ್ಳುವ ಭಯವಿರುವವರು ಎಷ್ಟೋ ಜನ ನಮ್ಮಲ್ಲಿದ್ದಾರೆ. ನೀವೂ ಹಾಗೇ ಮಾಡಿ ಎಂದು ಅವರಿಗೆ ಹೇಳುವ ಯೋಗ್ಯತೆ ನನಗಿಲ್ಲ. ಮಕ್ಕಳಿಗೆ ಮಾತ್ರ ಬಿಸಿಲಿನ ಕಾರಣ ಹೇಳಬೇಡಿ.

ಬರುವ ಭಾನುವಾರ ವಂದನೆಗೆ ಬರುವಾಗ ಹೆಸರು ಬರೆದ ಚೀಲಗಳನ್ನು ತನ್ನಿ. ಚಿಂದಿ ಬಟ್ಟೆ ಇದ್ದರೆ ಅದನ್ನೂ ತನ್ನಿ, ಕೌದಿ ಹೊಲಿಯಲು ಅಕ್ಕ ಒಪ್ಪಿದ್ದಾರೆ.

ಭವತು ಸಬ್ಬ ಮಂಗಲಂ. ಜೈಭೀಮ್.