ಅಮಲು ಒಂದಲ್ಲ, ಅಪಾಯವೂ ಒಂದಲ್ಲ

ಮಾದಕ ವಸ್ತುಗಳನ್ನು ಕುರಿತು ಶಾಲೆಗಳಲ್ಲಿ ಉಪದೇಶವು ಬೇಕಾದಷ್ಟು ನಡೆಯುತ್ತದೆ. ಪಾಠವು ನಡೆಯುವುದು ಕಡಿಮೆ. 'ಅವು ಕೆಟ್ಟವು, ಮುಟ್ಟಬೇಡಿ' ಎಂಬುದು ಉಪದೇಶ. ಅವು ದೇಹದಲ್ಲಿ ಏನು ಮಾಡುತ್ತವೆ, ಯಾವುದರಿಂದ ಯಾವ ಅಪಾಯ, ಅಪಾಯವೊದಗಿದಾಗ ಪಕ್ಕದಲ್ಲಿರುವವರು ಮಾಡಬೇಕಾದುದೇನು ಎಂಬುದನ್ನು ತಿಳಿಸುವುದು ಪಾಠ. ಸೇಂದಿ, ಸಾರಾಯಿ, ಗಾಂಜಾ, ಅಫೀಮು, ನಿದ್ರೆಯ ಗುಳಿಗೆ ಇವೆಲ್ಲವನ್ನೂ ನಾವು 'ಅಮಲು' ಎಂಬ ಒಂದೇ ಮಾತಿನಿಂದ ಸೂಚಿಸುತ್ತೇವೆ. ಹೆಸರು ಒಂದಾದರೂ ಅವುಗಳ ಗುಣ ಒಂದಲ್ಲ, ಅಪಾಯ ಒಂದಲ್ಲ, ಬಿಡಿಸುವ ಮಾರ್ಗವೂ ಒಂದಲ್ಲ. ಈ ಭೇದವನ್ನು ಅರಿಯದಿದ್ದರೆ ಎಂತಹ ಅನಾಹುತವಾಗಬಲ್ಲುದೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಸೇಂದಿಯ ಪ್ರಸಂಗ

ಮಹಬೂಬ್‌ನಗರ, ನಾರಾಯಣಪೇಟೆಗಳ ಸೀಮೆಯಲ್ಲಿ ಈಚಲು ಮರದ ಸೇಂದಿಯು ಹಿಂದಿನಿಂದಲೂ ಬಳಕೆಯಲ್ಲಿದೆ. ಮರದಿಂದಿಳಿಸಿದ ಸೇಂದಿಯಲ್ಲಿ ಮದ್ಯಸಾರವು ಅಲ್ಪವಾಗಿರುತ್ತದೆ. ಬೇಡಿಕೆಗೆ ಮರಗಳು ಸಾಲದೆ ಹೋದಾಗ, ಲಾಭಬಡುಕರು ಅದಕ್ಕೆ ನೀರನ್ನು ಸೇರಿಸಿ, ಅಮಲಿಗಾಗಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದ ನಿದ್ರೌಷಧಗಳನ್ನು ಬೆರೆಸತೊಡಗಿದರು. ಕುಡಿಯುವವನು ತಾನು ಸೇಂದಿಯನ್ನು ಕುಡಿಯುತ್ತಿರುವೆನೆಂದೇ ಭಾವಿಸಿರುತ್ತಾನೆ. ಅವನ ದೇಹವಾದರೋ ನಿದ್ರೌಷಧಕ್ಕೆ ಒಗ್ಗಿಹೋಗಿರುತ್ತದೆ.

2015ರಲ್ಲಿ ತೆಲಂಗಾಣದ ಅಧಿಕಾರಿಗಳು ಈ ಕಲಬೆರಕೆಯ ಮೇಲೆ ಬಿಗಿಯಾದ ಕ್ರಮ ಕೈಗೊಂಡರು. ಕ್ರಮವೇನೋ ಯುಕ್ತವಾದುದೇ. ಆದರೆ ಕಲಬೆರಕೆಯ ಸೇಂದಿ ನಿಂತೊಡನೆ ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳ ಆಸ್ಪತ್ರೆಗಳಿಗೆ ರೋಗಿಗಳು ಗುಂಪುಗುಂಪಾಗಿ ಬಂದರು. ಕೈಕಾಲುಗಳ ನಡುಕ, ಸೆಳವು, ಇಲ್ಲದುದನ್ನು ಕಂಡಂತೆ ಬೆದರುವುದು, ನಿದ್ರೆಯಿಲ್ಲದೆ ಕೂಗಾಡುವುದು ಇವೇ ಲಕ್ಷಣಗಳು. ಸಾವುಗಳೂ ವರದಿಯಾದವು. ಹೀಗೆ, ಯಾವುದನ್ನು ಬಿಡಬೇಕೆಂದು ನಾವೆಲ್ಲರೂ ಹೇಳುತ್ತಿದ್ದೆವೋ ಅದನ್ನು ಒಮ್ಮೆಗೇ ಬಿಟ್ಟುದರಿಂದಲೇ ಈ ಸಂಕಟವು ಉಂಟಾಯಿತು. ಇದರ ಕಾರಣವನ್ನು ತಿಳಿಯಬೇಕಾದರೆ ಒಂದೊಂದು ವರ್ಗವನ್ನೂ ಬೇರೆಬೇರೆಯಾಗಿ ನೋಡಬೇಕು.

ಮಿದುಳನ್ನು ಮಂದಗೊಳಿಸುವವು

ಮಿದುಳಿನಲ್ಲಿ ಕಡಿವಾಣದಂತೆ ತಡೆಯುವ ರಸಗಳೂ ಚಬಕದಂತೆ ಓಡಿಸುವ ರಸಗಳೂ ಉಂಟು. ಮದ್ಯಸಾರ ಮತ್ತು ನಿದ್ರೌಷಧಗಳು ಕಡಿವಾಣವನ್ನು ಬಿಗಿಗೊಳಿಸುತ್ತವೆ. ಮೊದಲು ಸಂಕೋಚ ಹೋಗುತ್ತದೆ, ಬಳಿಕ ವಿವೇಕ, ಅನಂತರ ನಡಿಗೆಯ ಹದ. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ. ಮದ್ಯವನ್ನೂ ನಿದ್ರೆಯ ಗುಳಿಗೆಯನ್ನೂ ಒಟ್ಟಿಗೆ ಸೇವಿಸುವುದು ಈ ಕಾರಣದಿಂದಲೇ ಅತ್ಯಂತ ಅಪಾಯಕರ.

ಈ ಬಿಗಿತವು ದಿನವೂ ಮುಂದುವರಿದರೆ ಮಿದುಳು ಅದಕ್ಕೆ ಪ್ರತಿಯಾಗಿ ಚಬಕವನ್ನು ಬಲಪಡಿಸಿಕೊಳ್ಳುತ್ತದೆ. ಆಗ ಕಡಿವಾಣವನ್ನು ಹಠಾತ್ತಾಗಿ ಸಡಿಲಿಸಿದರೆ ಕುದುರೆಯು ಹುಚ್ಚೆದ್ದು ಓಡುವಂತೆ ಮಿದುಳು ಉದ್ರೇಕಗೊಳ್ಳುತ್ತದೆ. ನಡುಕವೂ ಸೆಳವೂ ಅದರ ಫಲ. ಬಹುಕಾಲದ ಕುಡುಕನಲ್ಲಿ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸನ್ನಿಯೂ ಬರಬಹುದು. ಆದುದರಿಂದ ಈ ವರ್ಗದ ವಸ್ತುಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ, ಕ್ರಮಕ್ರಮವಾಗಿ ಬಿಡಿಸತಕ್ಕದ್ದು. ಗಂಡನನ್ನೋ ಮಗನನ್ನೋ ಕೋಣೆಯಲ್ಲಿ ಕೂಡಿಹಾಕಿ 'ನಾಲ್ಕು ದಿನದಲ್ಲಿ ಸರಿಹೋಗುವನು' ಎಂದು ಕಾದು ಕುಳಿತ ಮನೆಯವರು ತಾವು ಒಳಿತನ್ನೇ ಮಾಡುತ್ತಿರುವೆವೆಂದು ತಿಳಿದಿರುತ್ತಾರೆ. ಪ್ರಾಣಕ್ಕೆ ಸಂಚಕಾರ ತರುತ್ತಿರುವೆವೆಂದು ಅರಿಯರು.

ಕಳ್ಳಭಟ್ಟಿಯಲ್ಲಿ ಇನ್ನೊಂದು ಕೇಡು ಉಂಟು. ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್ ಅದರಲ್ಲಿ ಸೇರಿದರೆ, ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಪರಿಣಮಿಸಿ ಕಣ್ಣಿನ ನರವನ್ನು ಕೊಲ್ಲುತ್ತದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಇದರಿಂದಲೇ ಸತ್ತರು. ಕುಡಿದ ಮರುದಿನ ಕಣ್ಣು ಮಂಜಾದರೆ ಅದನ್ನು ಅಮಲಿನ ಶೇಷವೆಂದು ತಿಳಿಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಅಫೀಮಿನ ವರ್ಗ

ಅಫೀಮು, ಮಾರ್ಫೀನ್, ಹೆರಾಯಿನ್, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್, ನೋವಿನ ಗುಳಿಗೆಯಾದ ಟ್ರಮಡಾಲ್ ಇವೆಲ್ಲವೂ ಒಂದೇ ಕುಲದವು. ವೈದ್ಯನ ಕೈಯಲ್ಲಿ ಇವು ಅಮೃತಪ್ರಾಯ. ಅರ್ಬುದ ರೋಗಿಯ ಯಾತನೆಯನ್ನು ತಗ್ಗಿಸುವಲ್ಲಿ ಮಾರ್ಫೀನಿಗೆ ಸಮನಾದ ಔಷಧ ವಿರಳ. ಆದರೆ ಔಷಧವೆಂಬ ಮಾತ್ರಕ್ಕೆ ನಿರಪಾಯವೆಂದು ನಂಬಲಾಗದು. 1898ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯು ಹೆರಾಯಿನ್ನನ್ನು ಕೆಮ್ಮಿನ ಮದ್ದೆಂದೇ ಮಾರಾಟಕ್ಕೆ ತಂದಿತ್ತೆಂಬುದನ್ನು ನೆನೆದರೆ ಸಾಕು. ಟ್ರಮಡಾಲಿನ ದುರುಪಯೋಗವು ಹೆಚ್ಚಿದುದರಿಂದ 2018ರಲ್ಲಿ ನಮ್ಮ ಸರ್ಕಾರವು ಅದನ್ನು ಮಾದಕ ವಸ್ತುಗಳ ಕಾಯಿದೆಯ ಕಟ್ಟಿಗೆ ತಂದಿತು.

ಈ ವರ್ಗದ ಮುಖ್ಯ ಅಪಾಯವೆಂದರೆ ಉಸಿರಾಟದ ಕೇಂದ್ರವು ಮಲಗಿಬಿಡುವುದು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾದರೆ ಅದು ನಿದ್ರೆಯಲ್ಲ, ಮರಣದ ಮುನ್ಸೂಚನೆ. ನಲೋಕ್ಸೋನ್ ಎಂಬ ಪ್ರತ್ಯೌಷಧವು ಸಕಾಲದಲ್ಲಿ ದೊರೆತರೆ ಉಸಿರು ಮರಳುತ್ತದೆ. ಇಲ್ಲಿ ಬಿಡುವಾಗಿನ ಬಾಧೆ ಬಹಳ: ಮೈನೋವು, ವಾಂತಿ, ಭೇದಿ, ಚಳಿ. ಅದರಿಂದ ಪ್ರಾಣಾಪಾಯ ಬಹುಮಟ್ಟಿಗೆ ಇಲ್ಲವಾದರೂ ಅದಕ್ಕೂ ಚಿಕಿತ್ಸೆಯುಂಟು. ನಿಜವಾದ ಗಂಡಾಂತರವಿರುವುದು ಬಿಟ್ಟ ಮೇಲೆ. ಕೆಲವು ವಾರ ಬಿಟ್ಟಿದ್ದವನ ದೇಹವು ಮೊದಲಿನ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವನು ಹಿಂದಿನ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಅದೇ ಕೊನೆಯದಾಗಬಹುದು. ಆಸ್ಪತ್ರೆಯಿಂದಲೋ ಸೆರೆಮನೆಯಿಂದಲೋ ಹಿಂದಿರುಗಿದವನನ್ನು ಮನೆಯವರು ಬಹು ಎಚ್ಚರಿಕೆಯಿಂದ, ಬಹು ಪ್ರೀತಿಯಿಂದ ನೋಡಿಕೊಳ್ಳಬೇಕಾದುದು ಇದಕ್ಕಾಗಿಯೇ.

ಉದ್ರೇಕಿಸುವವು

ಕೊಕೇನ್, ಮೆಥಾಂಫೆಟಮೈನ್, ಎಂ.ಡಿ.ಎಂ.ಎ. ಎಂಬಿವು ಮಿದುಳಿಗೆ ಚಬಕವನ್ನು ಬೀಸುವಂತಹವು. ಇವನ್ನು ಸೇವಿಸಿದವನಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಎಲ್ಲವನ್ನೂ ಸಾಧಿಸಬಲ್ಲೆನೆಂಬ ಭ್ರಮೆ. ಪರೀಕ್ಷೆಯ ಕಾಲದಲ್ಲಿ ರಾತ್ರಿಯಿಡೀ ಎಚ್ಚರವಿರಬಹುದೆಂಬ ಆಸೆಯಿಂದ ಬಲೆಗೆ ಬೀಳುವ ಹುಡುಗರುಂಟು. ಆದರೆ ಹೃದಯವು ಓಡುತ್ತದೆ, ರಕ್ತದ ಒತ್ತಡವು ಏರುತ್ತದೆ, ಮೈ ಕಾವು ಅಪಾಯದ ಮಟ್ಟಕ್ಕೆ ಹೋಗಬಹುದು. ತರುಣರಿಗೂ ಹೃದಯಾಘಾತವೂ ಪಾರ್ಶ್ವವಾಯುವೂ ತಗಲಬಹುದು. ಬಹುದಿನದ ಸೇವನೆಯಿಂದ ಎಲ್ಲರೂ ತನ್ನ ವೈರಿಗಳೆಂಬ ಸಂಶಯರೋಗವು ಹುಟ್ಟುತ್ತದೆ. ಬಿಟ್ಟಾಗ ಕವಿಯುವ ವಿಷಾದವು ಆತ್ಮಹತ್ಯೆಯ ಯೋಚನೆಗೂ ಎಳೆಯಬಹುದಾದುದರಿಂದ ಅಂತಹವನನ್ನು ಒಬ್ಬನನ್ನೇ ಬಿಡಲಾಗದು.

ಗಾಂಜಾ

'ಇದು ಗಿಡದ ಸೊಪ್ಪು, ಸಾಧುಗಳೂ ಸೇದುತ್ತಾರೆ, ಏನೂ ಆಗದು' ಎಂಬ ಮಾತನ್ನು ನಾವು ಕೇಳುತ್ತಲೇ ಇರುತ್ತೇವೆ. ಅಫೀಮೂ ಹೊಗೆಸೊಪ್ಪೂ ಗಿಡದವೇ ಅಲ್ಲವೇ? ಗಾಂಜಾದಿಂದ ಉಸಿರು ನಿಂತು ಸಾಯುವುದಿಲ್ಲವೆಂಬುದು ನಿಜ. ಆದರೆ ಅದರಲ್ಲಿರುವ ಟಿ.ಎಚ್.ಸಿ. ಎಂಬ ವಸ್ತುವು ಸ್ಮರಣೆಯನ್ನೂ ಏಕಾಗ್ರತೆಯನ್ನೂ ಕುಗ್ಗಿಸುತ್ತದೆ. ಮನುಷ್ಯನ ಮಿದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಎಳೆಯ ವಯಸ್ಸಿನಲ್ಲಿ ಆರಂಭಿಸಿ ಪದೇಪದೇ ಸೇದುವವರಲ್ಲಿ ಚಿತ್ತವಿಕಲತೆಯು ಹೆಚ್ಚಾಗಿ ಕಾಣಬರುತ್ತದೆ. ವಂಶದಲ್ಲಿ ಮನೋರೋಗವಿದ್ದರೆ ಭಯವು ಮತ್ತಷ್ಟು ಅಧಿಕ.

ಮೂಸುವ ಮತ್ತು ಅಗಿಯುವ ವಸ್ತುಗಳು

ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಉಪಾಧ್ಯಾಯರು ಗಮನಿಸಬೇಕಾದ ಒಂದು ಸಂಗತಿಯಿದೆ. ಅಂಟು, ತಿದ್ದುಬಣ್ಣ, ಪೆಟ್ರೋಲು ಮುಂತಾದವನ್ನು ಮೂಸುವ ಚಟವು ದೊಡ್ಡವರಿಗಿಂತ 10ರಿಂದ 17 ವರ್ಷದ ಮಕ್ಕಳಲ್ಲಿಯೇ ಹೆಚ್ಚು. ಮಿಕ್ಕ ಯಾವ ವಸ್ತುವಿನಲ್ಲಿಯೂ ಹಾಗಿಲ್ಲ. ಈ ಆವಿಗಳು ಮಿದುಳನ್ನೂ ನರಗಳನ್ನೂ ಕೆಡಿಸುವುದಲ್ಲದೆ ಹೃದಯದ ಲಯವನ್ನು ಅಸ್ಥಿರಗೊಳಿಸುತ್ತವೆ. ಅಂತಹ ವೇಳೆಯಲ್ಲಿ ಹುಡುಗನು ಬೆದರಿ ಓಡಿದರೆ ಹೃದಯವು ಫಕ್ಕನೆ ನಿಲ್ಲಬಹುದು. ಆದುದರಿಂದ ಮೂಸುತ್ತಿರುವ ಮಗುವನ್ನು ಕಂಡಾಗ ಗದರಿಸಿ ಅಟ್ಟಿಸಿಕೊಂಡು ಹೋಗಲೇಬಾರದು. ಮೆಲ್ಲನೆ ಹತ್ತಿರ ಹೋಗಿ, ಸಮಾಧಾನಪಡಿಸಿ, ಗಾಳಿಯಾಡುವಲ್ಲಿ ಕುಳ್ಳಿರಿಸಬೇಕು.

ಹೊಗೆಸೊಪ್ಪನ್ನೂ ಗುಟ್ಕಾವನ್ನೂ ನಾವು ಅಮಲೆಂದು ಎಣಿಸುವುದೇ ಇಲ್ಲ. ಆದರೆ ನಿಕೋಟಿನ್ನಿನ ಹಿಡಿತವು ಬಹು ಗಟ್ಟಿ. ಅಡಿಕೆಯನ್ನು ಎಡೆಬಿಡದೆ ಅಗಿಯುವವರ ಕೆನ್ನೆಯ ಒಳಪೊರೆ ಬಿರುಸಾಗಿ ಬಾಯಿ ತೆರೆಯಲಾರದಂತಾಗುತ್ತದೆ. ಅದು ಅರ್ಬುದಕ್ಕೂ ತಿರುಗಬಹುದು.

ನಮ್ಮ ಕರ್ತವ್ಯ

ಪ್ರಜ್ಞೆ ತಪ್ಪಿದವನನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು, ಮಜ್ಜಿಗೆ, ನಿಂಬೆಯ ರಸ ಯಾವುದನ್ನೂ ಹಾಕದೆ, 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಬಳಿಯಲ್ಲಿಯೇ ಇರಬೇಕು. ಸೇವಿಸಿದುದೇನೆಂಬುದನ್ನು ನಾಚಿಕೆಯಿಂದ ಮರೆಮಾಚದೆ ವೈದ್ಯರಿಗೆ ಹೇಳಬೇಕು. ಗುಳಿಗೆಯ ಖಾಲಿ ಪಟ್ಟಿಯಿದ್ದರೆ ಒಯ್ಯಬೇಕು. ಏಕೆಂದರೆ ವಸ್ತುವಿನ ಬಗೆ ತಿಳಿದಲ್ಲದೆ ಚಿಕಿತ್ಸೆಯ ಬಗೆ ನಿರ್ಧಾರವಾಗದು. ವ್ಯಸನ ಬಿಡಿಸುವ ಸಲಹೆಗಾಗಿ ಕೇಂದ್ರ ಸರ್ಕಾರದ 14446 ಎಂಬ ದೂರವಾಣಿ ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು. ಪೊಲೀಸರ ಭಯದಿಂದ ಹಿಂಜರಿಯುವವರು ಒಂದನ್ನು ತಿಳಿದಿರಲಿ: 1985ರ ಮಾದಕ ವಸ್ತುಗಳ ಕಾಯಿದೆಯು ಮಾರುವವರ ಪಾಲಿಗೆ ಕಠಿಣವಾದರೂ, ಸ್ವಂತಕ್ಕೆ ಸೇವಿಸಿದ ಅಥವಾ ಅಲ್ಪ ಪ್ರಮಾಣದೊಡನೆ ಸಿಕ್ಕ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ವಿಧಿಯನ್ನೂ ಒಳಗೊಂಡಿದೆ.

ವಿದ್ಯಾರ್ಥಿಗಳೇ, ಗೆಳೆಯನು ನೀಡಿದ ಗುಳಿಗೆಯಲ್ಲಿ ಏನಿದೆಯೆಂಬುದು ಬಹುಸಲ ಆ ಗೆಳೆಯನಿಗೂ ತಿಳಿದಿರುವುದಿಲ್ಲ. ಸೇಂದಿಯ ಪ್ರಸಂಗವು ಕಲಿಸುವ ಮೊದಲನೆಯ ಪಾಠವಿದು. ಹಿರಿಯರಿಗೆ ಅದು ಕಲಿಸುವ ಪಾಠ ಇನ್ನೊಂದು: ವ್ಯಸನಿಗೆ ಬೈಗುಳವೂ ಬೀಗವೂ ಮದ್ದಲ್ಲ. ಅವನು ರೋಗಿ. ರೋಗವನ್ನು ಬಲ್ಲವರ ಬಳಿಗೆ ಅವನ ಕೈಹಿಡಿದು ಕರೆದೊಯ್ಯುವವರು ಒಬ್ಬರಾದರೂ ಪ್ರತಿಯೊಂದು ಮನೆಯಲ್ಲಿರಲಿ.