ಎರಡು ಹೊಳೆಗಳ ನಡುವೆ ಒಂದು ರೇಡಿಯೋ ಸಂಘ

ರಾಯಚೂರು ಜಿಲ್ಲೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡು ರಾಯಚೂರು, ದೇವದುರ್ಗ, ಮಾನ್ವಿ ಎಂಬ ಮೂರು ಊರುಗಳನ್ನು ಸರಳರೇಖೆಗಳಿಂದ ಸೇರಿಸಿರಿ. ಒಂದು ತ್ರಿಕೋನವಾಗುವುದು. ನೇರ ಗೆರೆಯಲ್ಲಿ ಅಳೆದರೆ ರಾಯಚೂರಿನಿಂದ ಮಾನ್ವಿಗೆ ಸುಮಾರು 40 ಕಿಲೋಮೀಟರು. ಉಳಿದ ಎರಡು ಭುಜಗಳು ಒಂದೊಂದೂ ಸುಮಾರು 50 ಕಿಲೋಮೀಟರು. ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ಈ ದೋಆಬಿಗಾಗಿ ಅರಸರು ಎಷ್ಟೋ ಸಲ ಕಾದಾಡಿದರು. 1520ರ ರಾಯಚೂರು ಕದನವನ್ನು ಚರಿತ್ರೆಯ ಪಾಠದಲ್ಲಿ ನೀವೆಲ್ಲ ಓದಿರುವಿರಿ. ಇಲ್ಲಿ ನಮಗೆ ಬೇಕಾದುದು ಆ ಕಥೆಯಲ್ಲ, ಈ ತ್ರಿಕೋನದ ಅಳತೆ ಮಾತ್ರ.

ಬೇಸಗೆಯಲ್ಲಿ ಬಂಡೆ ಮರಳುಗಳ ನಡುವೆ ಸಣ್ಣಗೆ ಹರಿಯುವ ಈ ಹೊಳೆಗಳು ಮಳೆಗಾಲದಲ್ಲಿ ಬೇರೆಯೇ ರೂಪವನ್ನು ತಾಳುತ್ತವೆ. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲ ದಿನಗಳಲ್ಲಿಯೂ ಸುರಿದ ಮಳೆಯಿಂದ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿತು; ರಾಯಚೂರು ಜಿಲ್ಲೆಯ ನದೀತೀರದ ಹಳ್ಳಿಗಳು ನೀರಿನಲ್ಲಿ ನಿಂತವು. 2019ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆಯ ಮೇಲೆ ಹರಿದು ಆ ದಾರಿಯೇ ಕಡಿಯಿತು. ಇಂಥ ಹೊತ್ತಿನಲ್ಲಿ ಎಷ್ಟು ಮಂದಿ ಎಲ್ಲಿ ಸಿಕ್ಕಿಕೊಂಡಿದ್ದಾರೆ, ಯಾರಿಗೆ ಔಷಧ ಬೇಕು, ಎಲ್ಲಿಗೆ ದೋಣಿ ಹೋಗಬೇಕು ಎಂಬ ಸುದ್ದಿ ಅನ್ನದಷ್ಟೇ ಬೆಲೆಯುಳ್ಳದ್ದು.

“ಕೈಯಲ್ಲಿ ಮೊಬೈಲು ಇರುವಾಗ ಚಿಂತೆಯೇಕೆ?” ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಮೊಬೈಲು ನಿಮ್ಮ ಗೆಳೆಯನೊಡನೆ ನೇರವಾಗಿ ಮಾತನಾಡುವುದಿಲ್ಲ. ಅದು ಹತ್ತಿರದ ಗೋಪುರದೊಡನೆ ಮಾತನಾಡುವ ಒಂದು ಚಿಕ್ಕ ರೇಡಿಯೋ. ಗೋಪುರಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಹೋದರೆ ಬ್ಯಾಟರಿ ಬೇಕು. ಬ್ಯಾಟರಿ ಬರಿದಾದರೆ ಜನರೇಟರಿಗೆ ಡೀಸೆಲ್ ಬೇಕು. ಡೀಸೆಲ್ ತರಲು ರಸ್ತೆ ಬೇಕು. ರಸ್ತೆಯೇ ನೀರಿನಡಿ ಇದ್ದರೆ ಈ ಸರಪಳಿ ಕಡಿದಂತೆಯೇ. ನಡುವೆ ಯಾವ ಗೋಪುರವೂ ಇಲ್ಲದೆ ಎರಡು ಯಂತ್ರಗಳು ತಾವೇ ಮಾತನಾಡಿಕೊಳ್ಳುವ ಏರ್ಪಾಡು ಹವ್ಯಾಸಿ ರೇಡಿಯೋ. ಇದನ್ನು ನಡೆಸುವವರನ್ನು ಲೋಕವೆಲ್ಲ ಹ್ಯಾಮ್‌ಗಳೆಂದು ಕರೆಯುತ್ತದೆ.

ಹವ್ಯಾಸವೆಂದರೆ ಬರಿಯ ಕಾಲಹರಣವೆಂದು ತಿಳಿಯಬಾರದು. 1912ರಲ್ಲಿ ಅಮೆರಿಕದ ಸರ್ಕಾರ ಹವ್ಯಾಸಿಗಳನ್ನು 200 ಮೀಟರು ಮತ್ತು ಅದಕ್ಕಿಂತ ಗಿಡ್ಡ ತರಂಗಗಳಿಗೆ ದೂಡಿತು. ಅವು ದೂರ ಹೋಗಲಾರವು, ಕೆಲಸಕ್ಕೆ ಬಾರದವು ಎಂಬುದು ಆಗಿನ ತಜ್ಞರ ಎಣಿಕೆ. ಆ “ಕೆಲಸಕ್ಕೆ ಬಾರದ” ತರಂಗಗಳನ್ನೇ ಹಿಡಿದು, ಸುಮಾರು 100 ಮೀಟರಿನ ಅಲೆಗಳಲ್ಲಿ, 1923ರ ನವೆಂಬರಿನಲ್ಲಿ ಫ್ರಾನ್ಸಿನ ಹವ್ಯಾಸಿಯೊಬ್ಬನು ಅಟ್ಲಾಂಟಿಕ್ ಸಾಗರದಾಚೆಯ ಅಮೆರಿಕದ ಹವ್ಯಾಸಿಯೊಡನೆ ಸಂಭಾಷಿಸಿದನು. ನಮ್ಮ ದೇಶದಲ್ಲಿ 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತ ಮತ್ತು ಮುಕುಲ್ ಬೋಸ್ ಎಂಬುವರು ಈ ಹಾದಿಯನ್ನು ತೆರೆದರು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರೇಷಕವನ್ನು ಹೂಡಿ ಅದಕ್ಕೆ “ಆಕಾಶವಾಣಿ” ಎಂದು ಹೆಸರಿಟ್ಟುದನ್ನು ಕನ್ನಡಿಗರು ಮರೆತಿಲ್ಲ. ಅದು ಎಲ್ಲರಿಗೂ ಕೇಳಿಸುವ ಪ್ರಸಾರ. ಹ್ಯಾಮ್‌ಗಳದು ಇಬ್ಬರ ನಡುವಣ ಮಾತುಕತೆ. ಮನೆಯ ಮೂಲೆಯಲ್ಲಿ ಸ್ವಂತ ಉತ್ಸಾಹದಿಂದ ಹುಟ್ಟಿದ್ದೆಂಬುದು ಮಾತ್ರ ಎರಡಕ್ಕೂ ಸಮಾನ.

ಈಗ ನಮ್ಮ ತ್ರಿಕೋನಕ್ಕೆ ಬರೋಣ. ಅದರ ಮೂರು ಮೂಲೆಗಳ ಕಾಲೇಜುಗಳಲ್ಲಿ ಒಂದೊಂದು ನಿಲ್ದಾಣವನ್ನಿಟ್ಟು ಒಂದು ಸಂಘವನ್ನು ನಡೆಸುವುದಾದರೆ ಯಾವ ಯಂತ್ರ ಬೇಕು? ಹೊಸಬರ ಕಣ್ಣು ಮೊದಲು ಬೀಳುವುದು ಅಂಗೈಯಲ್ಲಿ ಹಿಡಿಯುವ ಪುಟ್ಟ ಯಂತ್ರದ ಮೇಲೆ. ಅದು 144ರಿಂದ 146 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಕೆಲಸಮಾಡುತ್ತದೆ. ಅಲೆಯ ಉದ್ದ ಸುಮಾರು 2 ಮೀಟರು. ಈ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗುಂಡಗಿದೆ. ವಾಯುಮಂಡಲವು ಅಲೆಯನ್ನು ತುಸು ಬಾಗಿಸುವುದನ್ನೂ ಸೇರಿಸಿಕೊಂಡರೆ ಲೆಕ್ಕ ಹೀಗೆ: ಆಂಟೆನದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಎರಡು ನಿಲ್ದಾಣಗಳ ದಿಗಂತಗಳನ್ನು ಕೂಡಿಸಿದರೆ ಅವುಗಳ ನಡುವೆ ಇರಬಹುದಾದ ಅತ್ಯಧಿಕ ದೂರ.

ಬಯಲಿನಲ್ಲಿ ನಿಂತವನ ಕೈಯ ಯಂತ್ರ ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದ್ದರೆ ಅದರ ದಿಗಂತ ಸುಮಾರು 5 ಕಿಲೋಮೀಟರು. ಇಂಥವರಿಬ್ಬರ ನಡುವೆ ಹೆಚ್ಚೆಂದರೆ 10 ಕಿಲೋಮೀಟರು. ಮನೆ ಮರಗಳು ಅಡ್ಡಬಂದರೆ ಅದೂ ಇಲ್ಲ. ಹತ್ತು ಮೀಟರಿನ ಕಂಬಗಳನ್ನು ನೆಟ್ಟರೆ 26 ಕಿಲೋಮೀಟರಿಗೆ ಏರೀತು. ದೇವದುರ್ಗ ರಾಯಚೂರನ್ನು “ಕಾಣಬೇಕಾದರೆ” ಎರಡೂ ಕಡೆ ಸುಮಾರು 37 ಮೀಟರಿನ ಕಂಬಗಳೇ ಬೇಕು. ಹನ್ನೆರಡು ಅಂತಸ್ತಿನ ಕಟ್ಟಡದಷ್ಟು ಎತ್ತರ! ಕಾಲೇಜಿನ ಸಂಘಕ್ಕೆ ಎಟುಕುವ ಮಾತಲ್ಲ.

ಆದರೆ ರಾಯಚೂರಿಗೆ ಒಂದು ಕೋಟೆಯ ಗುಡ್ಡವಿದೆಯಲ್ಲ! ಬಯಲಿನಿಂದ 80 ಮೀಟರು ಎತ್ತರದಲ್ಲಿ ಒಂದು ಆಂಟೆನವಿದೆಯೆಂದು ಲೆಕ್ಕಕ್ಕಾಗಿ ಭಾವಿಸಿರಿ. ಅದರ ದಿಗಂತ ಸುಮಾರು 37 ಕಿಲೋಮೀಟರು. ಇದಕ್ಕೆ ಹತ್ತು ಮೀಟರಿನ ಕಂಬದ 13ನ್ನು ಸೇರಿಸಿದರೆ 50. ಮಾನ್ವಿಯೂ ದೇವದುರ್ಗವೂ ಅಂಚಿನಲ್ಲಿ ಸಿಕ್ಕಿದಂತಾಯಿತು. ಕೇಳಿದ ಮಾತನ್ನು ಒಡನೆಯೇ ಮರುಪ್ರಸಾರಮಾಡುವ ಯಂತ್ರವನ್ನು ಎತ್ತರದಲ್ಲಿಡುವ ಪದ್ಧತಿಯ ಗುಟ್ಟು ಇದೇ. ಆದರೆ ಅದು ಪುರಾತನ ಸ್ಮಾರಕ. 1294ರ ಶಾಸನವನ್ನು ಹೊತ್ತ ಭಾರಿ ಕಲ್ಲು ಇರುವ ಕೋಟೆ. ಅನುಮತಿಯಿಲ್ಲದೆ ಅಲ್ಲಿ ಒಂದು ಮೊಳೆಯನ್ನೂ ಹೊಡೆಯಕೂಡದು. ಅದೂ ಅಲ್ಲದೆ, ಗುಡ್ಡದ ಮೇಲಿನ ಯಂತ್ರಕ್ಕೂ ಬ್ಯಾಟರಿ ಬೇಕಾದುದರಿಂದ ಮೊಬೈಲ್ ಗೋಪುರದ ದೌರ್ಬಲ್ಯ ಇದಕ್ಕೂ ಸ್ವಲ್ಪಮಟ್ಟಿಗೆ ಅಂಟಿಯೇ ಇದೆ.

ಇನ್ನೊಂದು ಉಪಾಯವಿದೆ, ನಮ್ಮ ಅಭಿಪ್ರಾಯದಲ್ಲಿ ದೋಆಬಿಗೆ ಒಪ್ಪುವುದು ಇದೇ. ಅಲೆಯನ್ನು ಅಡ್ಡಕ್ಕೆ ಕಳಿಸುವುದಕ್ಕೆ ಬದಲಾಗಿ ನೆಟ್ಟಗೆ ಮೇಲಕ್ಕೆ ಕಳಿಸುವುದು! ನೆಲದಿಂದ 250–300 ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳು ಗಾಳಿಯ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸಿ ಅಯಾನುಮಂಡಲವನ್ನು ನಿರ್ಮಿಸಿವೆ. ಸುಮಾರು 7 ಮೆಗಾಹರ್ಟ್ಸಿನ ಅಲೆಯನ್ನು ಹಗಲಿನಲ್ಲಿ ಅದರತ್ತ ಎಸೆದರೆ ಅದು ಮರಳಿ ಬಂದು, ಕಾರಂಜಿಯ ನೀರಿನಂತೆ, ಸುತ್ತಲ ಮುನ್ನೂರು ನಾನೂರು ಕಿಲೋಮೀಟರುಗಳಲ್ಲೆಲ್ಲ ಇಳಿಯುತ್ತದೆ. ಗುಡ್ಡ ಅಡ್ಡವಿದ್ದರೂ, ಭೂಮಿ ಉಬ್ಬಿದ್ದರೂ ಚಿಂತೆಯಿಲ್ಲ. ರಾಯಚೂರಿನಿಂದ ದೇವದುರ್ಗಕ್ಕೆ 50 ಕಿಲೋಮೀಟರು ಹೋಗಲು ಆ ಅಲೆ 602 ಕಿಲೋಮೀಟರು ಪ್ರಯಾಣಮಾಡಬೇಕು, ನಿಜ. ಆದರೆ ಅದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಐನೂರರಲ್ಲಿ ಒಂದು ಭಾಗ.

ಇದಕ್ಕೆ ಬೇಕಾದ ಆಂಟೆನ ಒಂದು ತಾಮ್ರದ ತಂತಿ, ಅಷ್ಟೆ. 143ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಅರ್ಧ ಅಲೆಯುದ್ದದ ತಂತಿಯ ಅಳತೆ ಮೀಟರುಗಳಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸಿಗೆ ಸುಮಾರು 20 ಮೀಟರು. ಅದನ್ನು ನಡುವೆ ಕತ್ತರಿಸಿ, ಎರಡು ತುಂಡುಗಳಿಗೂ ಯಂತ್ರದಿಂದ ಬಂದ ಕೇಬಲನ್ನು ಜೋಡಿಸಿ, ಶಾಲೆಯ ಅಂಗಳದ ಎರಡು ಬೇವಿನ ಮರಗಳ ನಡುವೆ ಕಟ್ಟಿದರಾಯಿತು. ವಿದ್ಯುತ್ ತಂತಿಗಳಿಂದ ಮಾತ್ರ ಬಹುದೂರವಿರಲಿ. ಇಲ್ಲಿ ಎತ್ತರದ ಕಂಬ ಬೇಡ. ಏಕೆಂದು ಯೋಚಿಸಿರಿ. ತಂತಿಯಿಂದ ಕೆಳಕ್ಕೆ ಹೋದ ಅಲೆ ನೆಲಕ್ಕೆ ಬಡಿದು ಮೇಲೇಳುವಾಗ ಅದರ ಕಲೆ ತಿರುಗುಮುರುಗಾಗುತ್ತದೆ. ಅಂದರೆ ಅರ್ಧ ಅಲೆಯಷ್ಟು ಹಿಂದೆ ಬಿದ್ದಂತೆ. ತಂತಿ ಕಾಲು ಅಲೆಯಷ್ಟು, ಎಂದರೆ 10 ಮೀಟರು, ಎತ್ತರದಲ್ಲಿದ್ದರೆ ಹೋಗಿಬರುವ ದಾರಿಯಲ್ಲಿ ಇನ್ನೂ ಅರ್ಧ ಅಲೆ. ಎರಡೂ ಸೇರಿ ಒಂದು ಪೂರ್ಣ ಅಲೆಯಾಗಿ, ನೆಲದಿಂದ ಮರಳಿದುದು ಮೇಲಕ್ಕೆ ಹೊರಟಿದ್ದರೊಡನೆ ಹೆಜ್ಜೆ ಕೂಡಿಸಿ ನಡೆಯುತ್ತದೆ. ಐದಾರು ಮೀಟರಿನಲ್ಲಿ ಕಟ್ಟಿದರೂ ಕೆಲಸ ಕೆಡುವುದಿಲ್ಲ. ತರಗತಿಯಲ್ಲಿ ಓದುವ ವ್ಯತಿಕರಣವು ಬೇವಿನ ಮರದ ಕೆಳಗೆ ಹೀಗೆ ಪ್ರತ್ಯಕ್ಷವಾಗುತ್ತದೆ.

ರಾತ್ರಿಯಾದಂತೆ ಅಯಾನುಮಂಡಲ ತೆಳುವಾಗುತ್ತದೆ. ಆಗ 7 ಮೆಗಾಹರ್ಟ್ಸಿನ ಅಲೆ ಅದನ್ನು ತೂರಿಕೊಂಡು ಹೊರಟುಹೋಗಬಹುದು; ಬಹು ದೂರದ ಊರುಗಳು ಕೇಳಿಸಿದರೂ ನೆರೆಯ ಮಾನ್ವಿ ಕೇಳಿಸದು. ಆಗ 3.5 ಮೆಗಾಹರ್ಟ್ಸಿನ ಪಟ್ಟಿಗೆ ಇಳಿಯಬೇಕು. ತಂತಿ ಇಮ್ಮಡಿ ಉದ್ದವಾಗಬೇಕು. ಹಗಲಿನಲ್ಲಾದರೋ ಈ ಪಟ್ಟಿಯನ್ನು ಅಯಾನುಮಂಡಲದ ಕೆಳಪದರವೇ ನುಂಗಿಬಿಡುತ್ತದೆ. ಯಾವ ತಿಂಗಳು ಯಾವ ಗಂಟೆಗೆ ಪಟ್ಟಿ ಬದಲಿಸಬೇಕೆಂಬುದು ಪುಸ್ತಕದಿಂದ ಪೂರ್ತಿ ತಿಳಿಯುವುದಿಲ್ಲ. ಪ್ರತಿ ವಾರವೂ ಮಾತನಾಡಿ, ಕೇಳಿಸಿದ ಬಲವನ್ನು ದಿನಚರಿ ಪುಸ್ತಕದಲ್ಲಿ ಬರೆದಿಟ್ಟವರಿಗೇ ಅದು ಗೊತ್ತು. ಸಂಘದ ಅಗತ್ಯವಿರುವುದು ಇಲ್ಲಿಯೇ. ಯಂತ್ರವನ್ನು ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟು ಪ್ರವಾಹದ ದಿನ ತೆಗೆದರೆ ಅದು ಬೀರುವಿನಷ್ಟೇ ಉಪಯುಕ್ತ.

2004ರ ಡಿಸೆಂಬರ್ 26ರ ಸುನಾಮಿಯ ಸಂದರ್ಭ ಇದಕ್ಕೆ ನಿದರ್ಶನ. ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಿ ಸಂಪರ್ಕಗಳಿಗಾಗಿ ಅದಾಗಲೇ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ನಿಲ್ದಾಣವನ್ನು ಹೂಡಿ, ಹೊರಜಗತ್ತಿನೊಡನೆ ಮಾತನಾಡುತ್ತಿತ್ತು. ದೂರವಾಣಿಗಳು ಕೆಟ್ಟಾಗ ಅದೇ ನಿಲ್ದಾಣ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಆಂಟೆನ ಕಟ್ಟಿಯಾಗಿತ್ತು, ಕಿವಿ ಪಳಗಿತ್ತು, ಅನುಮತಿ ಕೈಯಲ್ಲಿತ್ತು.

ಆದುದರಿಂದ ಸಂಘದ ಮೊದಲ ಕಾರ್ಯಕ್ರಮ ವಾರದ ಕೂಟ. ಭಾನುವಾರ ಬೆಳಗ್ಗೆ ಒಂದು ಗೊತ್ತಾದ ಗಂಟೆಗೆ ರಾಯಚೂರಿನ ನಿಲ್ದಾಣ ಎಲ್ಲರನ್ನೂ ಹೆಸರಿಸಿ ಕರೆಯುತ್ತದೆ. ಕರೆದವರು ಮಾತ್ರ ಮಾತನಾಡಬೇಕು, ಉಳಿದವರು ಕೇಳಬೇಕು. ಇದು ಸುಲಭವೆಂದು ತೋರುತ್ತದೆ, ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಠಿಣವಾದ ಶಿಸ್ತು ಇನ್ನೊಂದಿಲ್ಲ! ಎರಡನೆಯ ಅಭ್ಯಾಸ ಸಂದೇಶವನ್ನು ಬರೆದು ಓದುವುದು. ಸಂದೇಶದ ಸಂಖ್ಯೆ, ಹೊರಟ ವೇಳೆ, ಯಾರಿಂದ, ಯಾರಿಗೆ, ಎಷ್ಟು ಪದಗಳು, ಆಮೇಲೆ ವಿಷಯ. ಕೇಳಿದವನು ಅದನ್ನು ಅಕ್ಷರಶಃ ಮರಳಿ ಓದಬೇಕು.

ಅಂಕಿಗಳ ವಿಷಯದಲ್ಲಿ ನಮ್ಮ ಭಾಷೆಗೇ ಸೇರಿದ ಒಂದು ತೊಡಕಿದೆ. ಈ ಯಂತ್ರಗಳು ಧ್ವನಿಯಲ್ಲಿ ಸುಮಾರು 300ರಿಂದ 2,700 ಹರ್ಟ್ಸಿನವರೆಗಿನ ಭಾಗವನ್ನಷ್ಟೆ ಸಾಗಿಸುತ್ತವೆ. ಗುಡುಗು ಸಿಡಿಲಿನ ಕರಕರ ಸದ್ದು ಅದರ ಮೇಲೆ ಕವಿದರೆ ವ್ಯಂಜನಗಳು ಮೊದಲು ಅಳಿಸುತ್ತವೆ, ಸ್ವರಗಳು ಉಳಿಯುತ್ತವೆ. ಆಗ “ಮೂರು” ಯಾವುದು, “ನೂರು” ಯಾವುದು? ದೋಣಿಗಾಗಿ ಕಾದಿರುವವರು ಮೂವರೋ ನೂರು ಮಂದಿಯೋ ಎಂಬ ಸಂಶಯ ಚಿಕ್ಕದಲ್ಲ. ನೂರನ್ನು “ಒಂದು, ಸೊನ್ನೆ, ಸೊನ್ನೆ” ಎಂದು ಬಿಡಿಬಿಡಿಯಾಗಿ ಹೇಳುವುದೇ ಕ್ಷೇಮ. ಊರಿನ ಹೆಸರನ್ನು ತಾಲ್ಲೂಕಿನೊಡನೆ ಎರಡು ಸಲ ಹೇಳಬೇಕು. ನಮ್ಮ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಬಲ್ಲವರೂ ನಿಲ್ದಾಣದಲ್ಲಿರುವುದು ಒಳ್ಳೆಯದು.

ಇಂಥ ಅಭ್ಯಾಸಕ್ಕೆ ಪ್ರವಾಹವೇ ಬರಬೇಕೆಂದಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನೆಳೆಯುವುದನ್ನು ನೋಡಲು ಸೇರುವ ಜನಸಂದಣಿಯನ್ನು ನೆನೆಯಿರಿ. ಅಧಿಕಾರಿಗಳ ಒಪ್ಪಿಗೆ ಪಡೆದು, ಪರವಾನಗಿಯುಳ್ಳ ನಾಲ್ವರು ಕೈಯ ಯಂತ್ರಗಳೊಡನೆ ನಾಲ್ಕು ಕಡೆ ನಿಂತರೆ, ತಪ್ಪಿಸಿಕೊಂಡ ಮಕ್ಕಳ ಸುದ್ದಿ ತಲುಪಿಸುವುದರಲ್ಲಿಯೇ ಒಂದು ವರ್ಷದ ಪಾಠ ಆಗುತ್ತದೆ. ಶಾಲೆಯ ಮಕ್ಕಳಿಗೆ ತೋರಿಸಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಇದೆ: ಬಯಲಿನಲ್ಲಿ 10 ಕಿಲೋಮೀಟರು ದಾಟದ ಕೈಯ ಯಂತ್ರವೇ 400 ಕಿಲೋಮೀಟರು ಎತ್ತರದಿಂದ 145.8 ಮೆಗಾಹರ್ಟ್ಸಿನಲ್ಲಿ ಬರುವ ದನಿಯನ್ನು ಹಿಡಿಯಬಲ್ಲುದು. ಅಲ್ಲಿಗೂ ನಮಗೂ ನಡುವೆ ಭೂಮಿಯ ಉಬ್ಬು ಇಲ್ಲವಷ್ಟೆ!

ವಿದ್ಯುತ್ತಿನ ಲೆಕ್ಕವನ್ನೂ ಮೊದಲೇ ಹಾಕಿಟ್ಟಿರಬೇಕು. 100 ವಾಟ್ ಶಕ್ತಿಯ ಯಂತ್ರವೊಂದು ಕೇಳುವಾಗ ಒಂದೂವರೆ ಆಂಪಿಯರನ್ನೂ ಮಾತನಾಡುವಾಗ ಸರಾಸರಿ 10 ಆಂಪಿಯರನ್ನೂ ಎಳೆಯುವುದೆಂದಿಟ್ಟುಕೊಳ್ಳಿ. ಗಂಟೆಗೆ ಹತ್ತು ನಿಮಿಷ ಮಾತು, ಐವತ್ತು ನಿಮಿಷ ಕೇಳುವಿಕೆಯಾದರೆ ಸರಾಸರಿ 3 ಆಂಪಿಯರಿನಷ್ಟು. 60 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡದಿದ್ದರೆ ಹತ್ತು ಗಂಟೆ ನಡೆಯುತ್ತದೆ. ಶಕ್ತಿಯನ್ನು 25 ವಾಟಿಗೆ ಇಳಿಸಿದರೆ ಕೇಳುವವನ ಮಾಪಕದಲ್ಲಿ ಒಂದೇ ಮೆಟ್ಟಿಲು ಕಡಿಮೆ; ಬ್ಯಾಟರಿಗೆ ಮಾತ್ರ ಬಹಳ ಬಿಡುವು.

ಪರವಾನಗಿಯಿಲ್ಲದೆ ಪ್ರೇಷಕವನ್ನು ನಡೆಸುವುದು ಅಪರಾಧವೆಂಬುದನ್ನು ಇಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರದ ಸಂಪರ್ಕ ಮಂತ್ರಾಲಯ ನಡೆಸುವ ಪರೀಕ್ಷೆಗೆ 12 ವರ್ಷ ತುಂಬಿದವರು ಕುಳಿತುಕೊಳ್ಳಬಹುದು. ರೇಡಿಯೋ ಸಿದ್ಧಾಂತ, ನಿಯಮಾವಳಿ ಇವು ವಿಷಯಗಳು, ಪಿ.ಯು.ಸಿ.ಯ ಭೌತಶಾಸ್ತ್ರವನ್ನು ತಿಳಿದು ಓದಿದವರಿಗೆ ಸಿದ್ಧಾಂತ ಭಾರವಲ್ಲ. ತೇರ್ಗಡೆಯಾಗಿ ಪರವಾನಗಿ ಪಡೆದವರಿಗೆ ವಿ-ಯು ಎಂದು ಆರಂಭವಾಗುವ ಕರೆಹೆಸರು ದೊರೆಯುತ್ತದೆ. ವ್ಯಾಪಾರದ ಮಾತು, ಸಂಗೀತ, ಗುಪ್ತಲಿಪಿ ಇವು ನಿಷಿದ್ಧ.

ಅಭ್ಯಾಸಕ್ಕಾಗಿ ಒಂದು ಲೆಕ್ಕ. ರಾಯಚೂರಿನಿಂದ ಲಿಂಗಸುಗೂರಿಗೆ ನೇರ ಗೆರೆಯಲ್ಲಿ ಸುಮಾರು 90 ಕಿಲೋಮೀಟರು. ನೇರವಾಗಿ ಸಾಗುವ ಅಲೆಗೆ ಎರಡೂ ಕಡೆ ಎಷ್ಟೆಷ್ಟು ಎತ್ತರದ ಕಂಬಗಳು ಬೇಕು? ಅಯಾನುಮಂಡಲ 300 ಕಿಲೋಮೀಟರು ಎತ್ತರದಲ್ಲಿದ್ದರೆ ಮೇಲಿನ ದಾರಿ ದೇವದುರ್ಗದ ದಾರಿಗಿಂತ ಎಷ್ಟು ಉದ್ದವಾದೀತು? ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿರಿ.