ಬಾಡಿಗೆ ಕರಾರು, ಭೋಗ್ಯ ಪತ್ರ: ಸಹಿಗೆ ಮುನ್ನ

ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರು ಫಸಲಿನ ಹಣದಿಂದ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮತ್ತೆ ಕೆಲವರು ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಓದುವ ಮಕ್ಕಳಿಗಾಗಿ ಮನೆ ಹಿಡಿದಿದ್ದಾರೆ. ಅಡಿಕೆ ತೂಕದ ಚೀಟಿಯನ್ನು ಎರಡೆರಡು ಸಲ ನೋಡುವ ನಾವು ಮನೆಯ ಕರಾರಿಗೆ ಮಾತ್ರ ಟೈಪಿಂಗ್ ಅಂಗಡಿಯವರು ಬೆರಳು ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ.

ಕರಾರು 11 ತಿಂಗಳಿಗೇ ಏಕೆ ಎಂದು ಹಲವರು ಕೇಳುತ್ತಾರೆ. 1908ರ ನೋಂದಣಿ ಕಾಯಿದೆಯ 17ನೆಯ ಪ್ರಕರಣದಂತೆ ಒಂದು ವರ್ಷ ಮೀರಿದ ಅವಧಿಯ ಅಥವಾ ವರ್ಷದ ಲೆಕ್ಕದಲ್ಲಿ ಬಾಡಿಗೆ ಗೊತ್ತುಮಾಡಿದ ಪತ್ರ ಕಡ್ಡಾಯವಾಗಿ ನೋಂದಣಿಯಾಗಬೇಕು. ಆ ಖರ್ಚು, ಓಡಾಟ ಬೇಡವೆಂದು 11 ತಿಂಗಳ ರೂಢಿ ಬಂದಿದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಇದೆಯಲ್ಲ ಎನ್ನಬಹುದು. ತಿಂಗಳ ಬಾಡಿಗೆ ಊರಿಗೆ ತಕ್ಕಂತೆ 2000 ಅಥವಾ 3500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಬಹಳಷ್ಟು ಮನೆಗಳಿಗೆ ಇಂದು ಕರಾರಿನಲ್ಲಿ ಬರೆದದ್ದೇ ಮುಖ್ಯ ಆಧಾರ.

ಪತ್ರದಲ್ಲಿ ಎರಡೂ ಕಡೆಯವರ ಹೆಸರು, ತಂದೆಯ ಹೆಸರು, ವಿಳಾಸ, ಮನೆಯ ಖಾತೆ ಸಂಖ್ಯೆ, ಚಕ್ಕುಬಂದಿ, ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ, ಮನೆ ಹೊಕ್ಕ ದಿನದ ಮೀಟರ್ ರೀಡಿಂಗ್ ಇರಲಿ. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಈ ಆರ್.ಆರ್. ಸಂಖ್ಯೆಗೆ ಹೆಚ್ಚಿನ ಬೆಲೆ ಬಂದಿದೆ. ಬಾಡಿಗೆದಾರರೂ ಅದರ ಫಲಾನುಭವಿಗಳಾಗಬಹುದು. ಮನೆ ಬಿಡುವಾಗ ಆಧಾರ್ ಜೋಡಣೆ ಬಿಡಿಸಿಕೊಂಡೇ ಹೋಗಬೇಕು.

ಮುಂಗಡ ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಬ್ಯಾಂಕಿನ ಮೂಲಕವೇ ಕೊಡಿ. ಅದು ಯಾವ ದಿನ ವಾಪಸಾಗಬೇಕು, ಬಣ್ಣಕ್ಕೆಂದು ಎಷ್ಟು ಹಿಡಿಯಬಹುದು ಎಂಬುದೂ ಅಲ್ಲೇ ಇರಬೇಕು. ಜಗಳ ಹುಟ್ಟುವುದು ಬಾಡಿಗೆಗಿಂತ ಹೆಚ್ಚಾಗಿ ಈ ಬಣ್ಣದ ಹಣಕ್ಕೇ! ಇನ್ನು ನೋಟೀಸು: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ 15 ದಿನಗಳ ನೋಟೀಸು ಸಾಕು. ಪರೀಕ್ಷೆಯ ಹೊತ್ತಿನಲ್ಲಿ ಅಂಥ ನೋಟೀಸು ಬಂದರೆ ಹುಡುಗರು ಎಲ್ಲಿಗೆ ಹೋಗಬೇಕು? 2 ತಿಂಗಳೆಂದು ಮೊದಲೇ ಬರೆಸುವುದು ಲೇಸು. ಮಾಲೀಕರಿಗೂ ಅಷ್ಟರಲ್ಲಿ ಬೇರೆ ಬಾಡಿಗೆದಾರರು ಸಿಕ್ಕಾರು.

ಇದಕ್ಕಿಂತ ದೊಡ್ಡ ಅಪಾಯವಿರುವುದು ಭೋಗ್ಯದಲ್ಲಿ. ಒಂದೇ ಗಂಟಿಗೆ ಐದಾರು ಲಕ್ಷ ಕೊಟ್ಟು, ಬಾಡಿಗೆಯಿಲ್ಲದೆ 3 ವರ್ಷ ವಾಸವಿದ್ದು, ಕೊನೆಗೆ ಗಂಟು ವಾಪಸು ಪಡೆಯುವ ಪದ್ಧತಿ ಎಲ್ಲರಿಗೂ ಗೊತ್ತು. ಈಗ ಅದನ್ನೇ 'ಲೀಸ್' ಎನ್ನುತ್ತಾರೆ. ತೋಟದ ಭೋಗ್ಯವನ್ನು ನೋಂದಣಿ ಮಾಡಿಸುವ ರೈತರೂ ಮನೆಯ ಭೋಗ್ಯಕ್ಕೆ ಇ-ಸ್ಟ್ಯಾಂಪ್ ಕಾಗದ ತಂದು, ನೋಟರಿ ಮುದ್ರೆ ಹಾಕಿಸಿ, ಮುಗಿಯಿತು ಎನ್ನುತ್ತಾರೆ. ನೋಟರಿ ಮುದ್ರೆ ನೋಂದಣಿಯಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 59ನೆಯ ಪ್ರಕರಣದಂತೆ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಭೋಗ್ಯಕ್ಕೂ ನೋಂದಣಿ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಲಕ್ಷಗಟ್ಟಲೆ ಕೊಡುವವರು ಯೋಚಿಸಬೇಕು.

ನೋಂದಣಿಯಾಗದ ಪತ್ರ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಕಾಣುವುದಿಲ್ಲ. ಮಾಲೀಕರು ಮನೆ ಮಾರಿದರೆ ಅಥವಾ ಸಾಲ ತೀರಿಸದೆ ಬ್ಯಾಂಕು ಹರಾಜಿಗಿಟ್ಟರೆ, ಕೊಟ್ಟ ಹಣವನ್ನು ಸಾಲವೆಂದು ಮಾಲೀಕರಿಂದ ಕೇಳುವ ದಾರಿ ಉಳಿಯಬಹುದು, ಮನೆಯ ಮೇಲಿನ ಹಿಡಿತ ಉಳಿಯುವುದು ಕಷ್ಟ. ಆದ್ದರಿಂದ ಹಣ ಕೊಡುವ ಮೊದಲೇ ಇ.ಸಿ. ತೆಗೆಸಿ ನೋಡಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸಲು ಕೇಳಿ. ಮೂಲಪತ್ರ ಬ್ಯಾಂಕಿನಲ್ಲಿದ್ದರೆ ಮೊದಲ ಹಕ್ಕು ಬ್ಯಾಂಕಿನದೇ. ನೆರಳಚ್ಚು ತೋರಿಸಿದರೆ ಒಪ್ಪಬೇಡಿ.

ಮನೆ ಕೊಡುವ ಸದಸ್ಯರಿಗೂ ಒಂದು ಮಾತು. ಭೋಗ್ಯದ ಹಣ ನಿಮ್ಮದಲ್ಲ, ಸಾಲ. ಅದನ್ನು ತೋಟಕ್ಕೆ ಸುರಿದು, ಅವಧಿ ಮುಗಿಯುವ ವರ್ಷ ಕಾಫಿ ದರ ಬಿದ್ದರೆ ಎಲ್ಲಿಂದ ತಂದು ಕೊಡುವುದು ಎಂಬುದನ್ನು ಮೊದಲೇ ಲೆಕ್ಕ ಹಾಕಿಡಬೇಕು. ಹಣ ತೀರಿಸಿದ ದಿನ ರಸೀದಿಯಷ್ಟಕ್ಕೇ ಸುಮ್ಮನಾಗದೆ, ಇಬ್ಬರೂ ಉಪನೋಂದಣಿ ಕಚೇರಿಗೆ ಹೋಗಿ ಭೋಗ್ಯ ತೀರಿದ ಪತ್ರವನ್ನೂ ನೋಂದಾಯಿಸಿ. ಇಲ್ಲದಿದ್ದರೆ ಹಳೆಯ ಭೋಗ್ಯ ಇ.ಸಿ.ಯಲ್ಲಿ ಹಾಗೆಯೇ ನಿಂತು, ಮುಂದೆ ನಿಮಗೇ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ.